ಬಕೆಟ್ ಸೀಟ್ ಕೂರಿಸುವಾಗ ಮೊದಲು ತಗಡು ನೋಡಿ

ನನ್ನ ಹಳೆಯ ಮಾರುತಿ ಎಸ್ಟೀಮ್ ಕಾರಿಗೆ ಬಕೆಟ್ ಸೀಟ್ (ಮೈಯನ್ನು ಎರಡೂ ಬದಿ ಹಿಡಿದಿಡುವ ರೇಸಿನ ಸೀಟು) ಹಾಕಿಸಿದ್ದೇನೆ ಅಂದರೆ ಸಾಕು, "ಬೋಲ್ಟ್ ಎಷ್ಟು ದಪ್ಪದ್ದು ಹಾಕೀರಿ?" ಅಂತ ಕೇಳುತ್ತಾರೆ. ಬೋಲ್ಟಿನ ಮಾತು ಆಮೇಲೆ. ಅದು ಯಾವ ತಗಡನ್ನು ಹಿಡಿದುಕೊಂಡಿದೆ ಅನ್ನುವುದು ಮೊದಲು. 8.8 ಗ್ರೇಡಿನ (ಇದು ಬೋಲ್ಟಿನ ಬಲ ಹೇಳುವ ಗುರುತು) ಒಂದು ಎಂ8, ಅಂದರೆ 8 ಮಿಮೀ ಬೋಲ್ಟ್ ಎಳೆದು ಮುರಿಯಬೇಕಾದರೆ ಸುಮಾರು 3 ಟನ್ ಬಲ ಬೇಕು. ಕಾರಿನ ನೆಲದ ತಗಡು ಒಂದು ಮಿಲಿಮೀಟರಿನ ಆಸುಪಾಸು, ಅಷ್ಟೇ. ಅಂಗಿಯ ಗುಂಡಿ ಹಿಡಿದು ಜಗ್ಗಿದರೆ ಗುಂಡಿ ಒಡೆಯುವುದಿಲ್ಲ, ಬಟ್ಟೆ ಹರಿಯುತ್ತದೆ. ಇಲ್ಲೂ ಹಾಗೇ.

ಬೆಲ್ಟ್ ಇದೆಯಲ್ಲ, ಸೀಟಿಗೇನು ಭಾರ ಬೀಳುತ್ತದೆ ಅನ್ನಿಸಬಹುದು. ಎದುರಿನಿಂದ ಗುದ್ದಿದಾಗ ಹೆಚ್ಚಿನ ಭಾರ ಬೆಲ್ಟೇ ಹೊರುತ್ತದೆ, ನಿಜ. ಆದರೆ ಹಿಂದಿನಿಂದ ಗುದ್ದಿದರೆ ನಿಮ್ಮ ಮೈಭಾರವೆಲ್ಲ ಸೀಟಿನ ಬೆನ್ನ ಮೇಲೆ. 75 ಕೆಜಿ ಆಳಿಗೆ 20 ಜಿ, ಅಂದರೆ ಮೈತೂಕದ 20 ಪಟ್ಟು ಹೊಡೆತ ಬಿದ್ದರೆ ಒಂದೂವರೆ ಟನ್ ಆಯಿತು. ಬೆನ್ನು ಹಿಂದಕ್ಕೆ ಹೋಗುತ್ತದೆ, ಮುಂದಿನ ಎರಡು ಬೋಲ್ಟ್‌ಗಳನ್ನು ಮೇಲಕ್ಕೆ ಕೀಳುತ್ತದೆ.

ಅದಕ್ಕೇ ಕಂಪನಿಯವರು ಕೊಟ್ಟ ತೂತುಗಳನ್ನೇ ಬಳಸಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅಲ್ಲಿ ತಗಡಿನ ಕೆಳಗೆ ಬಲಪಡಿಸಿದ ಪಟ್ಟಿ ಇರುತ್ತದೆ, ನಟ್ ಅದಕ್ಕೆ ಬೆಸೆದಿರುತ್ತದೆ. ತೊಂದರೆ ಆಗಿದ್ದು ಒಳಬದಿಯ ಹಿಂದಿನ ತೂತಿನಲ್ಲಿ. ಈ ಕಾರು ನವಲಗುಂದದ ಕಡೆ ಬಹಳ ಓಡಿದ್ದು. ಎರೆಮಣ್ಣು ಅಡಿಗೆ ಮೆತ್ತಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ, ತೇವ ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿ ನೋಡಿದರೆ ಆ ಜಾಗ ಪುಡಿಪುಡಿ ಆಗಿತ್ತು. ಅಲ್ಲೊಂದು ಕಡೆ ಹೊಸ ತಗಡು ಹಾಕಿ, ಹೊಸ ತೂತು ಕೊರೆದು, ಎಳೆತ ಹಂಚಿಹೋಗುವಂತೆ ಕೆಳಗಿನಿಂದ ಪ್ಲೇಟ್ ಕೊಡಲೇಬೇಕಿತ್ತು.

ಹುಬ್ಬಳ್ಳಿಯ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಪರಿಚಯದ ಫ್ಯಾಬ್ರಿಕೇಷನ್ ಮಿಸ್ತ್ರಿ ಇದ್ದಾರೆ. ಅವರು ನೋಡಿದ ಕೂಡಲೇ, "ಇಲ್ಲೇ ನೆಲಕ್ಕ ಆಂಗ್ಲ್ ಇಟ್ಟು ವೆಲ್ಡ್ ಹೊಡದ್ರ ಆತಲ್ರೀ ಸರ. ಆನಿ ಕುಂತ್ರೂ ಅಳ್ಳಾಡೂದಿಲ್ಲ" ಅಂದರು. "ಆನಿ ಸುಮ್ನ ಕುಂದ್ರತೈತ್ರಿ, ಗುದ್ದಿದಾಗಿಂದು ಹೇಳ್ರಿ" ಅಂದೆ. ನಕ್ಕರು. ತೆಳು ತಗಡಿಗೆ ಆರ್ಕ್ ವೆಲ್ಡಿಂಗ್ ಹೊಡೆದರೆ ಸುಟ್ಟು ತೂತು ಬೀಳುತ್ತದೆ. ಬೀಳದಿದ್ದರೂ ಬೆಸುಗೆಯ ಅಂಚಿನಲ್ಲೇ ಹರಿಯುತ್ತದೆ ಅಂತ ವಿವರಿಸಿದ ಮೇಲೆ ಒಪ್ಪಿದರು. ಆಮೇಲೆ ಅವರೇ ಒಂದು ಒಳ್ಳೆಯ ಮಾತು ಹೇಳಿದರು. ಹೊಸ ಬೋಲ್ಟ್ ಹೋಗುವುದು ನೆಲದ ಅಡ್ಡಪಟ್ಟಿಯ ಟೊಳ್ಳು ಭಾಗದ ಮೂಲಕ. ಬಿಗಿ ಮಾಡಿದರೆ ಅದು ಚಪ್ಪಟೆ ಆಗುತ್ತದೆ, ಒಳಗೊಂದು ಪೈಪಿನ ತುಂಡು ಕೊಡೋಣ ಅಂತ. ಲೇತ್‌ನಲ್ಲಿ ಅಳತೆಗೆ ಕತ್ತರಿಸಿ ಕೊಟ್ಟೂಬಿಟ್ಟರು. ಇದು ನನಗೆ ಹೊಳೆದಿರಲಿಲ್ಲ.

ಪ್ಲೇಟಿನ ಅಳತೆಗೆ ನಾನು ಎಫ್‌ಐಎ (ಅಂತಾರಾಷ್ಟ್ರೀಯ ಕಾರ್ ರೇಸಿಂಗ್ ಸಂಸ್ಥೆ) ನಿಯಮವನ್ನೇ ಹಿಡಿದೆ: ಉಕ್ಕಾದರೆ ಕನಿಷ್ಠ 3 ಮಿಮೀ ದಪ್ಪ, ಒಂದೊಂದು ಬೋಲ್ಟಿಗೂ ಕನಿಷ್ಠ 40 ಚದರ ಸೆಂಮೀ ತಾಗುವ ಜಾಗ. 70 ಮಿಮೀ ಚೌಕ ಕತ್ತರಿಸಿದರೆ 49 ಆಗುತ್ತದೆ, ಸಾಕು. ಮೂಲೆಗಳನ್ನು ಗ್ರೈಂಡರ್‌ನಲ್ಲಿ ದುಂಡಗೆ ಮಾಡಿಸಿ. ಚೂಪು ಮೂಲೆ ನೆಲದ ತಗಡನ್ನೇ ಕೊಯ್ಯುತ್ತದೆ. ಕೊರೆಯುವ ಮುಂಚೆ ಕಾರಿನ ಅಡಿಗೆ ಹೋಗಿ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿವೆ ನೋಡಿಕೊಳ್ಳಿ.

ಸೀಟು ಮತ್ತು ನೆಲದ ನಡುವಿನ ಬ್ರಾಕೆಟ್‌ಗೆ ಮೊದಲು ರಟ್ಟಿನಲ್ಲಿ ಅಚ್ಚು ಮಾಡಿದೆ. ಟನೆಲ್ (ಕಾರಿನ ನಡುವೆ ನೆಲ ಉಬ್ಬಿರುವ ಭಾಗ) ಕಡೆಯ ತೂತಿಗೂ ಬಾಗಿಲ ಕಡೆಯ ತೂತಿಗೂ ಎತ್ತರ ಬೇರೆ. ಹೀಗಾಗಿ ಎರಡು ಬದಿಯ ಬ್ರಾಕೆಟ್ ಒಂದೇ ಥರ ಇರುವುದಿಲ್ಲ. ಸೀಟಿನ ಪಕ್ಕದ ತೂತುಗಳ ನಡುವೆ 290 ಮಿಮೀ ಇತ್ತು. ಬ್ರಾಕೆಟ್‌ನಲ್ಲಿ ಮೇಲೆ ಕೆಳಗೆ ಒಂದೆರಡು ತೂತು ಜಾಸ್ತಿ ಕೊರೆಸಿಕೊಂಡೆ. ಹೆಲ್ಮೆಟ್ ಹಾಕಿ ಕೂತು, ಕ್ಲಚ್ ಪೂರ್ತಿ ಒತ್ತಿದಾಗ ಮೊಣಕಾಲು ಸ್ವಲ್ಪ ಮಡಿದಿರಬೇಕು. ಬೆನ್ನು ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್ ಮೇಲಂಚಿಗೆ ಮುಟ್ಟಬೇಕು. ಇದೆಲ್ಲ ಸರಿ ಹೊಂದಿದ ಮೇಲೇ ಬ್ರಾಕೆಟ್‌ನ ಫೈನಲ್ ವೆಲ್ಡಿಂಗ್. ಸೀಟನ್ನು ಹಿಂದೆ ಮುಂದೆ ಸರಿಸುವ ಸ್ಲೈಡರ್ ಹಾಕಲಿಲ್ಲ. ಓಡಿಸುವವನು ನಾನೊಬ್ಬನೇ, ಒಂದೇ ಬದಿ ಲಾಕ್ ಆಗುವ ಅಗ್ಗದ ಸ್ಲೈಡರ್ ಮೇಲೆ ನನಗೆ ನಂಬಿಕೆಯೂ ಇಲ್ಲ.

ಬೋಲ್ಟ್ ಕೊಳ್ಳುವಾಗ ತಲೆಯ ಮೇಲೆ 8.8 ಅಂತ ಅಚ್ಚಿರಬೇಕು. ಅಂಗಡಿಯವರು "ಸ್ಟೇನ್‌ಲೆಸ್ ತಗೋರಿ, ಜಂಗ್ ಹಿಡಿಯೂದಿಲ್ಲ" ಅಂತಾರೆ. ಹೊಳಪು ಚೆಂದ, ಆದರೆ ಎ2-70 ಗ್ರೇಡಿನ ಸ್ಟೇನ್‌ಲೆಸ್ಸು 8.8ಕ್ಕಿಂತ ಕಡಿಮೆ ಬಲದ್ದು. ಸೀಟಿನ ಪಕ್ಕದ ತೂತಿಗೆ ಹೋಗುವ ಬೋಲ್ಟಿನ ಉದ್ದ ಕೂಡ ಮುಖ್ಯ. ಜಾಸ್ತಿ ಉದ್ದ ಆದರೆ ಒಳಗೆ ತಳ ಹತ್ತಿ ನಿಲ್ಲುತ್ತದೆ. ಪಾನಾಕ್ಕೆ ಬಿಗಿ ಅನ್ನಿಸುತ್ತದೆ, ಬ್ರಾಕೆಟ್ ಮಾತ್ರ ಸಡಿಲ.

ಕಾರ್ಪೆಟ್ ಮೇಲೆ ಬ್ರಾಕೆಟ್ ಇಟ್ಟು ಬಿಗಿ ಮಾಡುವವರನ್ನು ನೋಡಿದ್ದೇನೆ. ಕಾರ್ಪೆಟ್ ಕುಗ್ಗುತ್ತದೆ, ಬೋಲ್ಟ್ ಸಡಿಲ ಆಗುತ್ತದೆ. ಆ ಜಾಗದಲ್ಲಿ ಕಾರ್ಪೆಟ್ ಕತ್ತರಿಸಿ, ಲೋಹಕ್ಕೆ ಲೋಹ ತಾಗುವಂತೆ ಕೂರಿಸಿ. ಎಂ8ಗೆ ನಾನು ಟಾರ್ಕ್ ರೆಂಚ್‌ನಲ್ಲಿ 25 ನ್ಯೂಟನ್ ಮೀಟರ್ ಕೊಟ್ಟೆ, ನಟ್ ಮೇಲೆ ಬಣ್ಣದ ಗೆರೆ ಎಳೆದೆ. ಕಲಘಟಗಿ ರೋಡಿಗೆ ಒಂದು ಸುತ್ತು ಹೋಗಿ ಬಂದು ಗೆರೆ ಜರುಗಿದೆಯಾ ನೋಡಿದೆ.

ಒಂದು ಮಾತು ಉಳಿಯಿತು. ನನ್ನ ಕಾರು ಆಟೋಕ್ರಾಸ್‌ಗೆ (ಬಯಲಿನ ಟ್ರ್ಯಾಕಿನಲ್ಲಿ ನಡೆಯುವ ಕಾರು ಸ್ಪರ್ಧೆ) ಅಂತಲೇ ಇರುವುದು. ದಿನಾ ರಸ್ತೆಗಿಳಿಯುವ ಕಾರಿನಲ್ಲಿ ಇಂಥ ಬದಲಾವಣೆಗೆ ಮುಂಚೆ ವಾಹನದ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಏನು ಹೇಳುತ್ತದೆ ಅಂತ ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಇನ್ನು ಹೊಸ ಕಾರುಗಳಲ್ಲಿ ಸೀಟಿನೊಳಗೇ ಸೈಡ್ ಏರ್‌ಬ್ಯಾಗ್ ಇರಬಹುದು, ಬೆಲ್ಟಿನ ಬಕಲ್ ಕೂಡ ಸೀಟಿನ ಫ್ರೇಮಿಗೇ ಇರಬಹುದು. ಸೀಟು ತೆಗೆದರೆ ಎರಡೂ ಹೋದವು. ಏರ್‌ಬ್ಯಾಗ್ ಇನ್ನೂ ಇದೆ ಅಂತ ಕಾರನ್ನು ನಂಬಿಸುವ ರೆಸಿಸ್ಟರ್ ಹಾಕಿ, ಎಚ್ಚರಿಕೆ ದೀಪ ಆರಿಸಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಅಂಥ ಕಾರಿಗೆ ನಾನಂತೂ ಕೈ ಹಾಕುವುದಿಲ್ಲ.