ತಿರುವಿನ ದಾರಿ ಕಲಿಯಲು ಮೊದಲು ಸಂಡೂರಿಗೆ ಹೋಗಿ

ಬಳ್ಳಾರಿ ಕಡೆಯ ಹುಡುಗರು ಬೈಕ್ ಕಲಿಯುವುದು ನೇರ ರಸ್ತೆಯಲ್ಲಿ. ಸಿರುಗುಪ್ಪದ ಕಡೆಗೆ ಹೊರಟರೆ ಹೊಲಗಳ ನಡುವೆ ಎಷ್ಟು ದೂರ ಹೋದರೂ ಹ್ಯಾಂಡಲ್ ಹೊರಳಿಸುವ ಪ್ರಸಂಗವೇ ಅಪರೂಪ. ಅದೇ ಹುಡುಗರು ರಜೆ ಸಿಕ್ಕ ಕೂಡಲೇ ಗೆಳೆಯರನ್ನು ಕಟ್ಟಿಕೊಂಡು 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿಗೋ, 70 ತಿರುವುಗಳ ತಮಿಳುನಾಡಿನ ಕೊಲ್ಲಿ ಬೆಟ್ಟಕ್ಕೋ ಹೊರಡುತ್ತಾರೆ. ಬೇಡ ಎನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಮನೆ ಹತ್ತಿರದ ಸಂಡೂರು ಬೆಟ್ಟಗಳಲ್ಲಿ ಕೈ ಪಳಗಲಿ. ಕುಮಾರಸ್ವಾಮಿ ದೇವಸ್ಥಾನಕ್ಕೆ ಕಾಡಿನ ನಡುವೆ ಏರುವ ದಾರಿ, ಬಳ್ಳಾರಿಯ ಬ್ರಿಟಿಷ್ ದಂಡಿನವರು ಬಿಸಿಲು ತಾಳಲಾರದೆ ಹೋಗಿ ತಂಗುತ್ತಿದ್ದ ರಾಮನದುರ್ಗದ ದಾರಿ, ಇವೆರಡೂ ಕಲಿಯಲು ಒಳ್ಳೆಯ ಪಾಠಶಾಲೆಗಳು.

ಹೊರಡುವ ಹಿಂದಿನ ದಿನ

ಟೈರಿನ ಗಾಳಿಯನ್ನು ಬೆಳಗಿನ ತಂಪಿನಲ್ಲಿ ನೋಡಿಸಿ. ಗಾಡಿ ಓಡಿ ಟೈರ್ ಬಿಸಿಯಾದ ಮೇಲೆ ಅಳತೆ ಹೆಚ್ಚು ತೋರಿಸುತ್ತದೆ. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಚೈನಿನ ಬಿಗಿ, ಎರಡೂ ದೀಪ, ಹಾರ್ನ್ ನೋಡಿಕೊಳ್ಳಿ. ಹೆಲ್ಮೆಟ್ ಐಎಸ್‌ಐ ಗುರುತಿನದೇ ಇರಲಿ. ಹಿಂದೆ ಕೂರುವವರಿಗೂ ಅಂಥದ್ದೇ ಇರಲಿ. 2019ರ ಏಪ್ರಿಲ್‌ನಿಂದ ಮಾರಾಟವಾದ 125 ಸಿಸಿಗಿಂತ ದೊಡ್ಡ ಬೈಕುಗಳಲ್ಲಿ, ಬ್ರೇಕ್ ಹಿಡಿದಾಗ ಗಾಲಿ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಇರುತ್ತದೆ. ಹಳೆಯ ಬೈಕಿನವರು ಜಾರುವ ನೆಲದಲ್ಲಿ ಬ್ರೇಕನ್ನು ಇನ್ನಷ್ಟು ಹದವಾಗಿ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಈ ಸವಾರಿ ಬೇಡವೇ ಬೇಡ. ಮಳೆಗಾಲ ಇಳಿದ ಮೇಲೆ ಬೆಟ್ಟ ಇನ್ನೂ ಹಸಿರಾಗಿರುವಾಗ ಹೋಗಿ.

ಸಾಲು ಕಟ್ಟುವುದು

ಇದನ್ನು ಹೆಚ್ಚಿನವರು ಲಕ್ಷ್ಯಕ್ಕೇ ತೆಗೆದುಕೊಳ್ಳುವುದಿಲ್ಲ. ಗುಂಪು ಸವಾರಿಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಐದಾರು ಬೈಕುಗಳಿಗಿಂತ ಹೆಚ್ಚಿದ್ದರೆ ಎರಡು ಗುಂಪು ಮಾಡಿ. ದಾರಿ ಬಲ್ಲವನು ಮೊದಲು, ಪಂಕ್ಚರ್ ಸಾಮಾನು ಇಟ್ಟುಕೊಂಡ ಅನುಭವಿ ಕೊನೆಗೆ. ಎಲ್ಲರಿಗಿಂತ ಹೊಸಬನನ್ನು ಎರಡನೆಯ ಸ್ಥಾನದಲ್ಲಿ ಇರಿಸಿ. ಹೊಸಬನನ್ನು ಹಿಂದೆ ಬಿಟ್ಟರೆ, ಮುಂದಿನವರನ್ನು ಹಿಡಿಯುವ ಧಾವಂತದಲ್ಲಿ ತನ್ನ ಕೈಗೆ ಮೀರಿದ ವೇಗದಲ್ಲಿ ತಿರುವಿಗೆ ನುಗ್ಗುತ್ತಾನೆ. ಎರಡನೆಯವನಾಗಿದ್ದರೆ ಮುಂದಿರುವವನು ಕನ್ನಡಿಯಲ್ಲಿ ಅವನನ್ನು ನೋಡುತ್ತಾ ವೇಗ ಇಳಿಸಬಹುದು. ಇಡೀ ಗುಂಪಿನ ವೇಗವನ್ನು ನಿರ್ಧರಿಸಬೇಕಾದವನು ಆ ಹೊಸಬನೇ. ಇದನ್ನು ಹೊರಡುವ ಮುನ್ನವೇ ಎಲ್ಲರೆದುರು ಹೇಳಿಬಿಡಿ, ಅವನಿಗೂ ಸಂಕೋಚ ಉಳಿಯುವುದಿಲ್ಲ.

ನೇರ ರಸ್ತೆಯಲ್ಲಿ ಒಬ್ಬ ಎಡಕ್ಕೆ, ಮುಂದಿನವನು ಬಲಕ್ಕೆ ಹೀಗೆ ಓರೆಯಾಗಿ ಸಾಗಬಹುದು. ತಿರುವು ಶುರುವಾದೊಡನೆ ಒಬ್ಬರ ಹಿಂದೆ ಒಬ್ಬರು. ನಡುವೆ ಕನಿಷ್ಠ ಎರಡು ಸೆಕೆಂಡಿನ ಅಂತರವಿರಲಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು 22 ಮೀಟರ್. ತಿರುವಿನಲ್ಲಿ ಗೆಳೆಯನನ್ನು ಹಿಂದಿಕ್ಕಬೇಡಿ. ದಾರಿ ಕವಲೊಡೆಯುವ ಕಡೆ, ಹಿಂದಿನವನು ಕಣ್ಣಿಗೆ ಬೀಳುವ ತನಕ ನಿಲ್ಲಿ. ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬಿಕೊಂಡು ಹೋಗುವಂತಿಲ್ಲ.

ದಾರಿಯಲ್ಲಿ

ಬಳ್ಳಾರಿಯಿಂದ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಕುಡಿತಿನಿ ದಾಟಿ, ತೋರಣಗಲ್ಲಿನಲ್ಲಿ ಸಂಡೂರಿನ ಕಡೆಗೆ ತಿರುಗಿ. ಬೆಳಕು ಹರಿಯುವಾಗಲೇ ಹೊರಟರೆ ಬಿಸಿಲೂ ಕಡಿಮೆ, ಲಾರಿಗಳೂ ಕಡಿಮೆ. ತಿಂಡಿಗೆ ಒಗ್ಗರಣೆ ಮಿರ್ಚಿ ಸಿಗುತ್ತದೆ. ಹೊಟ್ಟೆ ಬಿರಿಯುವಷ್ಟು ತಿಂದು ಬೆಟ್ಟ ಹತ್ತಬೇಡಿ.

ಇಲ್ಲಿನ ರಸ್ತೆಗೆ ಬೇರೆ ಘಾಟಿಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ಗುಣವಿದೆ. ಕಬ್ಬಿಣದ ಅದಿರಿನ ಲಾರಿಗಳು ಓಡಾಡುವ ಕಡೆ ಟಾರಿನ ಮೇಲೆ ಕುಂಕುಮದಷ್ಟು ನುಣುಪಾದ ಕೆಂಧೂಳು ಕೂತಿರುತ್ತದೆ. ಸರಿಯಾಗಿ ನೋಡಿ: ಲಾರಿಯ ಗಾಲಿ ಹಾಯುವ ಎರಡು ಪಟ್ಟಿಗಳಲ್ಲಿ ಟಾರು ಕಪ್ಪಗೆ ಕಾಣುತ್ತದೆ, ಅವೆರಡರ ನಡುವೆಯೂ ರಸ್ತೆಯಂಚಿನಲ್ಲೂ ಧೂಳು ದಪ್ಪಗೆ ನಿಂತಿರುತ್ತದೆ. ಆ ಕಪ್ಪು ಪಟ್ಟಿಯ ಮೇಲೆಯೇ ಸಾಗಿ. ಮೊದಲ ಹನಿ ಮಳೆಗೆ ಈ ಧೂಳು ಜಾರುವ ಕೆಸರಾಗುತ್ತದೆ. ಆಗ ಬೈಕ್ ಬದಿಗೆ ನಿಲ್ಲಿಸಿ ಮಳೆ ರಸ್ತೆಯನ್ನು ತೊಳೆಯುವ ತನಕ ಕಾಯುವುದೇ ಜಾಣತನ.

ತಿರುವು ಹೊಕ್ಕು ಹೊರಬರುವುದು

ಬ್ರೇಕ್ ಹಿಡಿಯುವುದೂ ಗೇರ್ ಇಳಿಸುವುದೂ ತಿರುವಿಗೆ ಮುಂಚೆ, ಬೈಕ್ ನೆಟ್ಟಗಿರುವಾಗಲೇ ಮುಗಿಯಬೇಕು. ವೇಗ ಅರ್ಧವಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾಗುವ ದೂರ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಹಾಗಾಗಿ ಸ್ವಲ್ಪ ನಿಧಾನಿಸಿದರೂ ಲಾಭ ದೊಡ್ಡದು. ನಂತರ ಮುಖವನ್ನು ತಿರುವಿನ ಆಚೆ ತುದಿಗೆ ಹೊರಳಿಸಿ. ಕಂದಕವನ್ನು ನೋಡಿದರೆ ಬೈಕೂ ಅತ್ತಲೇ ಎಳೆಯುತ್ತದೆ. ಬಲಕ್ಕೆ ಬಾಗಬೇಕಾದರೆ ಬಲಗೈಯಿಂದ ಹ್ಯಾಂಡಲನ್ನು ಮೆಲ್ಲಗೆ ಮುಂದಕ್ಕೆ ಒತ್ತಿ, ಎಡಕ್ಕಾದರೆ ಎಡಗೈಯಿಂದ. ಕೇಳಲು ತಿರುವುಮುರುವಾಗಿ ತೋರಿದರೂ ಬೈಕ್ ಬಾಗುವುದು ಹೀಗೆಯೇ. ಖಾಲಿ ನೇರ ರಸ್ತೆಯಲ್ಲಿ 40ರ ವೇಗದಲ್ಲಿ ಒಮ್ಮೆ ಹಗುರವಾಗಿ ಒತ್ತಿ ನೋಡಿದರೆ ಕೈಗೆ ತಿಳಿಯುತ್ತದೆ. ತಿರುವಿನ ಉದ್ದಕ್ಕೂ ಆಕ್ಸಲರೇಟರ್ ಒಂದೇ ಹದದಲ್ಲಿರಲಿ, ನಡುವೆ ಕ್ಲಚ್ ಒತ್ತಬೇಡಿ.

ಎಡತಿರುವಿನಲ್ಲಿ ವೇಗ ಹೆಚ್ಚಾದರೆ ಬೈಕ್ ಎದುರು ವಾಹನಗಳ ಪಾಲಿನ ರಸ್ತೆಗೆ ಜಾರುತ್ತದೆ. ಬಲತಿರುವಿನಲ್ಲಿ ಗಾಲಿ ನಮ್ಮ ಕಡೆಯೇ ಇದ್ದರೂ ಬಾಗಿದ ತಲೆ ನಡುಗೆರೆಯನ್ನು ದಾಟಿರುತ್ತದೆ. ಎದುರಿಗೆ ಲಾರಿ ಬಂದರೆ ಪೆಟ್ಟು ಬೀಳುವುದು ಆ ತಲೆಗೆ. ಆದ್ದರಿಂದ ಬಲತಿರುವಿನಲ್ಲಿ ನಡುಗೆರೆಯಿಂದ ಸಾಕಷ್ಟು ಎಡಕ್ಕೆ ಇರಿ. ಹೇರ್‌ಪಿನ್‌ನಲ್ಲಿ ಹೊರಳಲು ದೊಡ್ಡ ಲಾರಿಗೆ ಇಡೀ ರಸ್ತೆ ಬೇಕಾಗುತ್ತದೆ. ಹಾರ್ನ್ ಕೇಳಿದೊಡನೆ ತಿರುವಿಗೆ ಮುಂಚೆಯೇ ನಿಂತು ಅದಕ್ಕೆ ದಾರಿ ಬಿಡಿ. ಇಬ್ಬರಿಗೆ ಸಾಲದ ಇಕ್ಕಟ್ಟಿನ ಬೆಟ್ಟದ ರಸ್ತೆಯಲ್ಲಿ ಏರುವ ವಾಹನಕ್ಕೆ ಮೊದಲ ಹಕ್ಕು, ಇಳಿಯುವವರು ಬದಿಗೆ ನಿಲ್ಲಬೇಕು ಎಂಬುದು ನಿಯಮ.

ಏರಿನಲ್ಲಿ ನಿಲ್ಲಬೇಕಾಗಿ ಬಂದರೆ ಎಡಗಾಲು ನೆಲಕ್ಕೆ, ಬಲಗಾಲು ಹಿಂದಿನ ಬ್ರೇಕಿನ ಮೇಲೆ.

ಇಳಿಯುವಾಗ

ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಆರಿಸಿ ಇಳಿಯುವ ಚಾಳಿ ನಮ್ಮಲ್ಲಿ ಬೇರೂರಿದೆ. ದಯವಿಟ್ಟು ಬಿಡಿ. ಏರಲು ಯಾವ ಗೇರ್ ಬೇಕಾಯಿತೋ ಇಳಿಯಲೂ ಅದೇ ಗೇರ್. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬಳಸಿ. ಸದಾ ಒತ್ತಿಯೇ ಇಟ್ಟರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಎಂಜಿನ್ನಿನ ಈ ಹಿಡಿತ ಕಡಿಮೆ, ಆದ್ದರಿಂದ ಅವರು ನಡುನಡುವೆ ನಿಂತು ಬ್ರೇಕ್ ಆರಲು ಬಿಡಬೇಕು. ಕತ್ತಲಾಗುವ ಮೊದಲೇ ಎಲ್ಲರೂ ಕೆಳಗಿರಿ. ಇದು ಕರಡಿ, ಚಿರತೆಗಳಿರುವ ಸೀಮೆ, ದರೋಜಿ ಕರಡಿಧಾಮವೂ ದೂರವಿಲ್ಲ. ಯಾರಾದರೂ ಬಿದ್ದರೆ ಹೆಲ್ಮೆಟ್ ಎಳೆದು ತೆಗೆಯುವ ಆತುರ ಬೇಡ, 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ.

ಮನೆಗೆ ಬಂದ ಮೇಲೆ ಚೈನಿಗೆ ಅಂಟಿದ ಕೆಂಧೂಳನ್ನು ಮರುದಿನಕ್ಕೆ ಬಿಡಬೇಡಿ. ಎಣ್ಣೆಯೊಂದಿಗೆ ಬೆರೆತ ಆ ಧೂಳು ಸ್ಪ್ರಾಕೆಟ್ಟಿನ ಹಲ್ಲನ್ನು ಸವೆಸುತ್ತದೆ. ಚೈನ್ ತೊಳೆದು, ಒಣಗಿಸಿ, ಹೊಸದಾಗಿ ಎಣ್ಣೆ ಬಿಡಿ. ಏರ್ ಫಿಲ್ಟರನ್ನೂ ಒಮ್ಮೆ ಬಿಚ್ಚಿಸಿ ನೋಡಿ.