ಸಕ್ಕರೆ ತಗ್ಗಿಸಿದರೂ ಒಣಗದ ಬ್ರೌನಿ: ಜೋನಿ ಬೆಲ್ಲ, ಖರ್ಜೂರ, ಬಾಳೆಕಾಯಿ ಹುಡಿಯ ವಿಧಾನ

ಬ್ರೌನಿಗೆ ಹಾಕುವ ಸಕ್ಕರೆಯನ್ನು ಅರ್ಧಕ್ಕೆ ಇಳಿಸಿದರೆ ಸಿಹಿ ಮಾತ್ರ ಕಡಿಮೆಯಾಗುತ್ತದೆ ಎಂದು ನಂಬಿ ಬೇಯಿಸಿದವರಿಗೆ ಸಾಮಾನ್ಯವಾಗಿ ಸಿಗುವುದು ಕೈಯಲ್ಲಿ ಹಿಡಿದರೆ ಪುಡಿಯಾಗುವ, ಕಹಿಯೇ ಮುಂದಾದ ಒಣ ಕೇಕು. ಬ್ರೌನಿಯಲ್ಲಿ ಸಕ್ಕರೆಗೆ ಸಿಹಿಯಲ್ಲದೆ ಬೇರೆ ಕೆಲಸಗಳೂ ಇವೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಗೋಧಿಯ ಜಿಗುಟು (ಗ್ಲುಟೆನ್) ಬಲಿಯದಂತೆ ತಡೆದು ತುಂಡನ್ನು ಮೆತ್ತಗಿಡುತ್ತದೆ, ಮೊಟ್ಟೆಯಲ್ಲಿ ಕರಗಿ ಮೇಲ್ಭಾಗದಲ್ಲಿ ಕಾಗದದಷ್ಟು ತೆಳುವಾದ ಹೊಳೆಯುವ ಪದರವನ್ನು ಕಟ್ಟುತ್ತದೆ. ಆದ್ದರಿಂದ ಸಕ್ಕರೆಯನ್ನು ತೆಗೆಯುವವರು ಆ ಕೆಲಸಗಳನ್ನು ಮತ್ತೊಂದಕ್ಕೆ ಒಪ್ಪಿಸಬೇಕಾಗುತ್ತದೆ. ಹೊಳೆಯುವ ಪದರದ ಆಸೆಯನ್ನು ಮಾತ್ರ ಮೊದಲೇ ಬಿಡುವುದು ಒಳ್ಳೆಯದು. ಈ ಬ್ರೌನಿಯ ಮೇಲ್ಮೈ ಮಂಕಾಗಿಯೇ ಇರುತ್ತದೆ.

ಉಳಿದ ಕೆಲಸಗಳಿಗೆ ಬೇಕಾದ ಸಾಮಗ್ರಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ದೋಸೆಗೆ ತುಪ್ಪದೊಡನೆ ಹಚ್ಚಿಕೊಳ್ಳುವ ಜೋನಿ ಬೆಲ್ಲ (ದ್ರವರೂಪದ ಬೆಲ್ಲ) ತೇವವನ್ನು ಹಿಡಿದಿಡುವುದರಲ್ಲಿ ಹರಳು ಸಕ್ಕರೆಗಿಂತ ಮೇಲು, ಏಕೆಂದರೆ ಅದರ ಸಕ್ಕರೆಯ ಒಂದು ಪಾಲು ಆಗಲೇ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ನೆನೆಸಿ ರುಬ್ಬಿದ ಖರ್ಜೂರ ಮತ್ತು ಕಳಿತ ಬಾಳೆಹಣ್ಣು ತುಂಡಿಗೆ ಮೈ ಕೊಡುತ್ತವೆ. 2021ರ ಲಾಕ್‌ಡೌನ್ ದಿನಗಳಲ್ಲಿ ಬಾಳೆಕಾಯಿಗೆ ಬೆಲೆ ಕುಸಿದಾಗ ನಮ್ಮ ಭಾಗದಲ್ಲಿ ‘ಬಾಕಾಹು’ ಎಂಬ ಹೆಸರಿನಲ್ಲಿ ಬಳಕೆಗೆ ಬಂದ ಬಾಳೆಕಾಯಿ ಹುಡಿಯಲ್ಲಿ ಗ್ಲುಟೆನ್ ಇಲ್ಲದ ಕಾರಣ, ಅದನ್ನು ಗೋಧಿ ಹಿಟ್ಟಿಗೆ ಬೆರೆಸಿದರೆ ಬ್ರೌನಿ ರಬ್ಬರಿನಂತಾಗುವ ಭಯವೂ ಕಡಿಮೆಯಾಗುತ್ತದೆ.

ಬೆಲ್ಲ ಹಾಕಿದ ಮಾತ್ರಕ್ಕೆ ತಿಂಡಿ ಆರೋಗ್ಯಕರವಾಗುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶವಿದ್ದರೂ ರಕ್ತದ ಸಕ್ಕರೆಯನ್ನು ಏರಿಸುವ ವಿಷಯದಲ್ಲಿ ಅದು ಸಕ್ಕರೆಯ ಹತ್ತಿರದ ನೆಂಟನೇ. ವಯಸ್ಕರ ಆಹಾರದಲ್ಲಿ ಇಂಥ ಸಕ್ಕರೆಯ ಪಾಲು ಒಟ್ಟು ಶಕ್ತಿಯ ಶೇ 10ಕ್ಕಿಂತ, ಅಂದರೆ ದಿನಕ್ಕೆ ಸುಮಾರು 50 ಗ್ರಾಂಗಿಂತ ಕಡಿಮೆ ಇರಬೇಕು, ಅದರ ಅರ್ಧಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಬೆಲ್ಲವೂ ಜೇನೂ ಆ ಲೆಕ್ಕದೊಳಗೇ ಬರುತ್ತವೆ. ಇಲ್ಲಿ ಕೊಟ್ಟಿರುವ ಅಳತೆಯಲ್ಲಿ ಹದಿನಾರು ತುಂಡು ಮಾಡಿದರೆ ಚಾಕೊಲೇಟು ಮತ್ತು ಬೆಲ್ಲದಿಂದ ಬರುವ ಸಕ್ಕರೆ ತುಂಡಿಗೆ ಸುಮಾರು 3.5 ಗ್ರಾಂ. ಖರ್ಜೂರ, ಬಾಳೆಹಣ್ಣುಗಳ ಸಿಹಿಯನ್ನೂ ಸೇರಿಸಿದರೆ ಸುಮಾರು 7.5 ಗ್ರಾಂ. ಇದೇ ಗಾತ್ರದ ತಟ್ಟೆಗೆ 200 ಗ್ರಾಂಗಿಂತ ಹೆಚ್ಚು ಸಕ್ಕರೆ ಸುರಿಯುವ ರೂಢಿಯ ಬ್ರೌನಿಯಲ್ಲಿ ಅದು 15 ಗ್ರಾಂ ದಾಟುತ್ತದೆ. ಅಂದರೆ ಇದು ಸಕ್ಕರೆ ಅರ್ಧಕ್ಕೆ ಇಳಿದ ಬ್ರೌನಿಯೇ ಹೊರತು ಸಕ್ಕರೆಯೇ ಇಲ್ಲದ ಬ್ರೌನಿಯಲ್ಲ. ಮಧುಮೇಹ ಇರುವವರು ಖರ್ಜೂರದ ಲೆಕ್ಕವನ್ನು ಬಿಡಬಾರದು.

ಬೇಕಾಗುವ ಸಾಮಗ್ರಿ

20 ಸೆಂಟಿಮೀಟರ್ ಚದರದ ಒಂದು ತಟ್ಟೆಗೆ ಶೇ 70 ಕೋಕೋ ಇರುವ ಡಾರ್ಕ್ ಚಾಕೊಲೇಟು 100 ಗ್ರಾಂ, ಉಪ್ಪಿಲ್ಲದ ಬೆಣ್ಣೆ 60 ಗ್ರಾಂ, ಸಿಹಿ ಸೇರಿಸದ ಕೋಕೋ ಪುಡಿ 30 ಗ್ರಾಂ, ಬೀಜ ತೆಗೆದ ಮೆತ್ತನೆಯ ಖರ್ಜೂರ 80 ಗ್ರಾಂ, ಸಿಪ್ಪೆ ಕಪ್ಪಾಗುವಷ್ಟು ಕಳಿತ ಬಾಳೆಹಣ್ಣಿನ ತಿರುಳು 100 ಗ್ರಾಂ, ಜೋನಿ ಬೆಲ್ಲ 40 ಗ್ರಾಂ, ಮೊಟ್ಟೆ ಎರಡು, ಗೋಧಿ ಹಿಟ್ಟು 50 ಗ್ರಾಂ, ಬಾಳೆಕಾಯಿ ಹುಡಿ 20 ಗ್ರಾಂ, ಬೇಕಿಂಗ್ ಪೌಡರ್ ಕಾಲು ಚಮಚ, ಉಪ್ಪು ಕಾಲು ಚಮಚ, ಚೂರು ಮಾಡಿದ ಗೋಡಂಬಿ ಒಂದು ಹಿಡಿ, ಖರ್ಜೂರ ನೆನೆಸಲು ಬಿಸಿ ಕಾಫಿ ಡಿಕಾಕ್ಷನ್ 60 ಮಿಲಿಲೀಟರ್ ಸಾಕಾಗುತ್ತದೆ. ಬಾಳೆಕಾಯಿ ಹುಡಿ ಸಿಗದವರು ಅಷ್ಟೇ ತೂಕದ ಗೋಧಿ ಹಿಟ್ಟನ್ನು ಸೇರಿಸಿಕೊಳ್ಳಬಹುದು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಹೆಚ್ಚಿರುವುದರಿಂದ ಅದರ ಬದಲು 50 ಗ್ರಾಂ ತುಪ್ಪವನ್ನು ಹಾಕುವುದು ವಾಸಿ.

ಅಂಗಡಿಯಲ್ಲಿ ಹೆಚ್ಚು ಜನ ಎಡವುವುದು ಚಾಕೊಲೇಟಿನ ಆಯ್ಕೆಯಲ್ಲಿ. ‘ಡಾರ್ಕ್ ಕಾಂಪೌಂಡ್’ ಎಂದು ಬರೆದಿರುವ ಅಗ್ಗದ ಗಟ್ಟಿಗಳಲ್ಲಿ ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ, ಸಕ್ಕರೆಯೇ ಮೊದಲ ಪದಾರ್ಥವಾಗಿರುವುದೂ ಉಂಟು. ಪೊಟ್ಟಣದ ಹಿಂಬದಿಯಲ್ಲಿ 100 ಗ್ರಾಂಗೆ ಎಷ್ಟು ಸೇರಿಸಿದ ಸಕ್ಕರೆ ಎಂದು ಮುದ್ರಿಸಿರುತ್ತಾರೆ. ಶೇ 70ರ ಚಾಕೊಲೇಟಿನಲ್ಲಿ ಅದು 30 ಗ್ರಾಂ ಆಸುಪಾಸಿನಲ್ಲಿರುತ್ತದೆ. ಅಡಿಕೆ ತೋಟದಲ್ಲಿ ಕೋಕೋ ಬೆಳೆಯುವವರು ಮನೆಯಲ್ಲೇ ಬೀಜ ಹುರಿದು ಪುಡಿ ಮಾಡಿಕೊಳ್ಳಬಹುದಲ್ಲ ಎಂದು ಯೋಚಿಸುವುದು ಸಹಜ. ಆದರೆ ಬೀಜದ ಸುಮಾರು ಅರ್ಧದಷ್ಟು ಕೊಬ್ಬೇ ಆಗಿರುವುದರಿಂದ ಮಿಕ್ಸಿಯಲ್ಲಿ ಅದು ಪುಡಿಯಾಗದೆ ಮುದ್ದೆಯಾಗುತ್ತದೆ. ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರ ಪುತ್ತೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಆರಂಭಿಸಿದಂಥ ಕಾರ್ಖಾನೆಗಳಲ್ಲಿ ಇರುತ್ತದೆಯೇ ಹೊರತು ಅಡುಗೆಮನೆಯಲ್ಲಿ ಅಲ್ಲ.

ಜೋನಿ ಬೆಲ್ಲವನ್ನು ಅಳೆಯುವ ಮೊದಲು ಮೂಸಿ ನೋಡಬೇಕು. ಮೇಲೆ ನೊರೆ ಕಟ್ಟಿ ಹುಳಿ ವಾಸನೆ ಬರುತ್ತಿದ್ದರೆ ಅದು ಹುದುಗಲು ಶುರುವಾಗಿದೆ ಎಂದರ್ಥ, ಬಳಸಬಾರದು. ತಳದಲ್ಲಿ ಹರಳುಗಟ್ಟಿದ್ದರೆ ತೊಂದರೆಯಿಲ್ಲ, ಕದಡಿಕೊಂಡರಾಯಿತು.

ಮಾಡುವ ಕ್ರಮ

ಮೊದಲು ಖರ್ಜೂರವನ್ನು ಬಿಸಿ ಡಿಕಾಕ್ಷನ್ನಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಬಾಳೆಹಣ್ಣಿನೊಂದಿಗೆ ನುಣ್ಣಗೆ ರುಬ್ಬಬೇಕು. ಕಾಫಿಯ ರುಚಿ ಪ್ರತ್ಯೇಕವಾಗಿ ನಾಲಿಗೆಗೆ ಬರುವುದಿಲ್ಲ, ಚಾಕೊಲೇಟಿನ ರುಚಿಯನ್ನು ಮಾತ್ರ ಗಾಢವಾಗಿಸುತ್ತದೆ. ಬಾಳೆಹಣ್ಣನ್ನು ಹೇಳಿದ್ದಕ್ಕಿಂತ ಹೆಚ್ಚು ಹಾಕಿದರೆ ಬ್ರೌನಿ ಹೋಗಿ ಬಾಳೆಹಣ್ಣಿನ ಕೇಕು ಬರುತ್ತದೆ.

ನಂತರ ಒಲೆಯ ಮೇಲೆ ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ, ಉರಿ ಆರಿಸಿ, ನೀರಿಗೆ ತಾಗದಂತೆ ಮತ್ತೊಂದು ಬೋಗುಣಿಯನ್ನು ಮೇಲಿಟ್ಟು ಅದರಲ್ಲಿ ಚಾಕೊಲೇಟು ಮತ್ತು ಬೆಣ್ಣೆಯನ್ನು ಕರಗಿಸಬೇಕು. ಬೋಗುಣಿಯೂ ಸೌಟೂ ಪೂರ್ತಿ ಒಣಗಿರಬೇಕು. ಕರಗುತ್ತಿರುವ ಚಾಕೊಲೇಟಿಗೆ ಹಬೆಯ ಒಂದೆರಡು ಹನಿ ಬಿದ್ದರೂ ಅದು ಮರಳುಮರಳಾಗಿ ಗಟ್ಟಿಯಾಗಿಬಿಡುತ್ತದೆ. ಮುಕ್ಕಾಲು ಪಾಲು ಕರಗುತ್ತಿದ್ದಂತೆ ಕೆಳಗಿಳಿಸಿ ಕದಡಿದರೆ ಉಳಿದ ಚೂರುಗಳು ತಮ್ಮ ಬಿಸಿಗೇ ಕರಗುತ್ತವೆ. ಕೋಕೋ ಪುಡಿಯನ್ನು ಜರಡಿ ಹಿಡಿದು ಈ ಬಿಸಿ ಮಿಶ್ರಣಕ್ಕೇ ಸೇರಿಸಬೇಕು, ಹಿಟ್ಟಿನ ಜೊತೆಗಲ್ಲ. ಬಿಸಿ ಕೊಬ್ಬಿನಲ್ಲಿ ನೆನೆದ ಕೋಕೋದ ಪರಿಮಳ ಚೆನ್ನಾಗಿ ಬಿಡುತ್ತದೆ, ಸಿಹಿ ಕಡಿಮೆಯಿರುವ ತಿಂಡಿಗೆ ಆ ಪರಿಮಳವೇ ದೊಡ್ಡ ಆಸರೆ. ಉಪ್ಪನ್ನೂ ಈಗಲೇ ಹಾಕಬೇಕು, ಅದು ಕೋಕೋದ ಕಹಿಯನ್ನು ತಗ್ಗಿಸುತ್ತದೆ.

ಮಿಶ್ರಣ ಉಗುರುಬೆಚ್ಚಗಾದ ಮೇಲೆ ಜೋನಿ ಬೆಲ್ಲ, ಖರ್ಜೂರದ ಮುದ್ದೆ, ಬಳಿಕ ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿ ಸಲವೂ ಹೊಳಪು ಮರಳುವವರೆಗೆ ಕಲಸಬೇಕು. ಕೊನೆಗೆ ಗೋಧಿ ಹಿಟ್ಟು, ಬಾಳೆಕಾಯಿ ಹುಡಿ, ಬೇಕಿಂಗ್ ಪೌಡರುಗಳನ್ನು ಒಟ್ಟಿಗೆ ಜರಡಿ ಹಿಡಿದು ಹಾಕಿ, ಬಿಳಿಯ ಗೆರೆ ಮಾಯವಾಗುತ್ತಿದ್ದಂತೆ ಕೈ ನಿಲ್ಲಿಸಬೇಕು. ಗೋಡಂಬಿಯನ್ನೂ ಈಗ ಬೆರೆಸಬೇಕು, ಮೊದಲೇ ಸ್ವಲ್ಪ ಹುರಿದಿಟ್ಟುಕೊಂಡಿದ್ದರೆ ರುಚಿ ಹೆಚ್ಚು. ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿ, ಸೌಟಿನಿಂದ ನಿಧಾನವಾಗಿ ಜಾರುವಂತಿರಬೇಕು.

ಮೊಟ್ಟೆ ಬಳಸದ ಮನೆಗಳು ಘಟ್ಟದ ಮೇಲೆ ಬಹಳ. ಅವರು ಎರಡು ಮೊಟ್ಟೆಗಳ ಬದಲು ನೀರು ಬಸಿದ ಗಟ್ಟಿ ಮೊಸರು 100 ಗ್ರಾಂ ಮತ್ತು ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿ ಹಾಕಿ, ಗೋಧಿ ಹಿಟ್ಟನ್ನು 20 ಗ್ರಾಂ ಹೆಚ್ಚಿಸಿ, ಬೇಕಿಂಗ್ ಪೌಡರಿನ ಬದಲು ಕಾಲು ಚಮಚ ಅಡುಗೆ ಸೋಡಾ ಬಳಸಬಹುದು. ಮೊಸರಿನ ಹುಳಿಯೊಂದಿಗೆ ಸೋಡಾ ಕೂಡಲೇ ಕೆಲಸ ಶುರುಮಾಡುವುದರಿಂದ ಕಲಸಿದ ಹಿಟ್ಟನ್ನು ಹಾಗೇ ಬಿಡದೆ ತಕ್ಷಣ ಒಲೆಗಿಡಬೇಕು.

ಬೇಯಿಸುವುದು

ತಟ್ಟೆಗೆ ಬಟರ್ ಪೇಪರ್ ಹಾಸಿ, ಹಿಟ್ಟನ್ನು ಸಮನಾಗಿ ಹರಡಿ, 170 ಡಿಗ್ರಿಗೆ ಮೊದಲೇ ಕಾಯಿಸಿಟ್ಟ ಓಟಿಜಿಯ (ಬೇಕಿಂಗ್‌ನ ವಿದ್ಯುತ್ ಒಲೆಯ) ನಡುವಿನ ಹಂತದಲ್ಲಿ 20ರಿಂದ 24 ನಿಮಿಷ ಬೇಯಿಸಬೇಕು. ಮೊಸರಿನದಾದರೆ ಇನ್ನೂ ಐದು ನಿಮಿಷ ಬೇಕಾದೀತು. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟನ್ನು ನಂಬಿ ಓಟಿಜಿ ಹಚ್ಚುವುದು ಧೈರ್ಯದ ಕೆಲಸವಾದ್ದರಿಂದ ಗ್ಯಾಸ್ ಒಲೆಯ ಉಪಾಯವನ್ನೂ ತಿಳಿದಿರಬೇಕು. ಹಳೆಯ ದಪ್ಪ ತಳದ ಕುಕ್ಕರಿನ ರಬ್ಬರು ಮತ್ತು ವಿಸಿಲ್ ತೆಗೆದು, ತಳಕ್ಕೆ ಒಂದು ಬೆರಳು ದಪ್ಪ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಬೇಕು. ಬಳಿಕ 18 ಸೆಂಟಿಮೀಟರಿನ ದುಂಡು ಪಾತ್ರೆಯಲ್ಲಿ ಹಿಟ್ಟನ್ನು ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಬೇಕು. ಹಿಟ್ಟಿನ ದಪ್ಪ ಹೆಚ್ಚುವುದರಿಂದ 40ರಿಂದ 50 ನಿಮಿಷ ಹಿಡಿಯುತ್ತದೆ. ಒಳಗೆ ನೀರು ಮಾತ್ರ ಹಾಕಬಾರದು.

ಗಡಿಯಾರಕ್ಕಿಂತ ಕಣ್ಣಿಗೆ ಹೆಚ್ಚು ಬೆಲೆ ಕೊಡಬೇಕಾದ ಘಟ್ಟ ಇದು. ಸಕ್ಕರೆ ಕಡಿಮೆಯಿರುವ ಬ್ರೌನಿ ಎರಡು ಮೂರು ನಿಮಿಷ ಹೆಚ್ಚು ಬೆಂದರೂ ಒಣಗುತ್ತದೆ. ಅಂಚು ಗಟ್ಟಿಯಾಗಿ ಕಾಗದದಿಂದ ಸ್ವಲ್ಪ ಬಿಟ್ಟುಕೊಂಡಿರಬೇಕು, ನಡುಭಾಗ ತಟ್ಟೆಯನ್ನು ಅಲುಗಿಸಿದಾಗ ತುಸು ನಡುಗಬೇಕು. ನಡುವಿಗೆ ಚುಚ್ಚಿದ ಕಡ್ಡಿಗೆ ಒದ್ದೆಯಾದ ಪುಡಿ ಅಂಟಿಕೊಂಡು ಬಂದರೆ ಹದ ಸರಿಯಾಗಿದೆ. ಹಸಿ ಹಿಟ್ಟು ಅಂಟಿದರೆ ಇನ್ನಷ್ಟು ಬೇಯಬೇಕು. ಕಡ್ಡಿ ಚೊಕ್ಕಟವಾಗಿ ಬಂದರೆ ಸಮಯ ಮೀರಿದೆ.

ತೆಗೆದ ಕೂಡಲೇ ಕತ್ತರಿಸಿದರೆ ತುಂಡುಗಳು ಕಲಸಿಹೋಗುತ್ತವೆ. ಎರಡು ಗಂಟೆ ಆರಲು ಬಿಟ್ಟು, ಸಾಧ್ಯವಿದ್ದರೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬಿಸಿ ನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸಬೇಕು. ಮರುದಿನಕ್ಕೆ ಖರ್ಜೂರದ ತೇವ ಎಲ್ಲ ಕಡೆ ಹರಡಿ ತುಂಡು ಮತ್ತಷ್ಟು ಒತ್ತಾಗಿ, ಮೆತ್ತಗಾಗಿರುತ್ತದೆ.

ಸಕ್ಕರೆ ಹೆಚ್ಚಿರುವ ತಿಂಡಿಯಷ್ಟು ದಿನ ಇದು ಹೊರಗೆ ತಾಳುವುದಿಲ್ಲ. ಕಾರವಾರ, ಕುಮಟಾ, ಹೊನ್ನಾವರದ ತೇವದ ಹವೆಯಲ್ಲಿ ಎರಡನೆಯ ದಿನಕ್ಕೇ ಬೂಸಲು ಹಿಡಿಯಬಹುದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಇನ್ನೂ ಹೆಚ್ಚು ದಿನಕ್ಕೆ ಬೇಕಿದ್ದರೆ ತುಂಡುಗಳನ್ನು ಒಂದೊಂದಾಗಿ ಬಟರ್ ಪೇಪರಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟು, ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಬೇಕು.