ಮೆಡಿಕಲ್ ಸ್ಕೂಲಿನ ಅರ್ಜಿ, ರಿಸರ್ಚ್ ಕೆಲಸ: ಯಾವುದು ಯಾವಾಗ?

ಅಮೆರಿಕಕ್ಕೆ ಹೊಸದಾಗಿ ಬಂದು, ಮಕ್ಕಳನ್ನು ಡಾಕ್ಟರ್ ಮಾಡಬೇಕು ಅಂತ ಆಸೆ ಇಟ್ಟುಕೊಂಡವರಿಗೆ ಈ ಮಾತು. ನಮ್ಮೂರಲ್ಲಿ ಪಿಯುಸಿ ಮುಗಿಸಿ, ನೀಟ್ ಬರೆದು, ಸೀಟು ಸಿಕ್ಕಿದರೆ ಅದೇ ವರ್ಷ ಎಂಬಿಬಿಎಸ್ ಶುರು. ಇಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷದ ಮೆಡಿಕಲ್ ಸ್ಕೂಲ್. ನಡುವೆ ಒಂದೆರಡು ವರ್ಷ ರಿಸರ್ಚ್ ಕೆಲಸ ಮಾಡುವವರು ತುಂಬಾ ಜನ. ಮಗಳು ಹಾಗಂದ ತಕ್ಷಣ ‘ವರ್ಷ ಹಾಳಾಗುತ್ತಲ್ಲ’ ಅನ್ನಬೇಡಿ. ಈ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಎದುರಿಗೆ ಕೂತ ಮಕ್ಕಳ ಮುಖ ಸಣ್ಣದಾಗುವುದನ್ನೂ ನೋಡಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಅರ್ಜಿ ಹಾಕಿ ಕ್ಲಾಸಿಗೆ ಹೋಗುವ ಹೊತ್ತಿಗೆ ಒಂದು ವರ್ಷದ ಮೇಲಾಗುತ್ತದೆ. ಹಲವು ಮೆಡಿಕಲ್ ಸ್ಕೂಲುಗಳಿಗೆ ಒಟ್ಟಿಗೆ ಹಾಕುವ ಎಎಂಸಿಎಎಸ್ ಅರ್ಜಿ ಮೇ ತಿಂಗಳಲ್ಲಿ ತೆರೆಯುತ್ತದೆ, ಮೇ ಕೊನೆ ಅಥವಾ ಜೂನ್ ಶುರುವಿನಲ್ಲಿ ಕಳಿಸಬಹುದು. ಜುಲೈ-ಆಗಸ್ಟಿನಲ್ಲಿ ಒಂದೊಂದು ಕಾಲೇಜಿನಿಂದಲೂ ಸೆಕೆಂಡರಿ, ಅಂದರೆ ಎರಡನೇ ಹಂತದ ಪ್ರಶ್ನೆಗಳು ಬರುತ್ತವೆ. ಇಂಟರ್‌ವ್ಯೂಗಳು ಚಳಿಗಾಲದವರೆಗೂ ನಡೆಯುತ್ತವೆ. ಕ್ಲಾಸು ಮುಂದಿನ ವರ್ಷದ ಜುಲೈ-ಆಗಸ್ಟಿಗೆ. ಹೆಚ್ಚಿನ ಕಾಲೇಜುಗಳು ಅರ್ಜಿ ಬಂದ ಹಾಗೆ ನೋಡುತ್ತಾ ಹೋಗುತ್ತವೆ. ಅದಕ್ಕೇ ಕೊನೆ ದಿನಾಂಕ ದೂರ ಇದೆ ಅಂತ ಕಾಯಬಾರದು.

ಈಗ ಇದಕ್ಕೆ ಕೆಲಸವನ್ನು ಹೊಂದಿಸಿ ನೋಡಿ. ಲ್ಯಾಬಿನವರು ಸಾಮಾನ್ಯವಾಗಿ ಎರಡು ವರ್ಷ ಇರುವವರನ್ನೇ ಹುಡುಕುತ್ತಾರೆ. 2026ರ ಮೇನಲ್ಲಿ ಡಿಗ್ರಿ ಮುಗಿದು, ಜುಲೈನಲ್ಲಿ ಕೆಲಸ ಶುರು ಅಂದುಕೊಳ್ಳಿ. ಅರ್ಜಿಯನ್ನು 2027ರ ಜೂನ್‌ನಲ್ಲಿ ಹಾಕಿದರೆ, 2028ರ ಬೇಸಿಗೆಗೆ ಕೆಲಸವೂ ಮುಗಿದಿರುತ್ತದೆ, ಕ್ಲಾಸೂ ಶುರುವಾಗುತ್ತದೆ. ಅವಸರ ಮಾಡಿ 2026ರ ಜೂನ್‌ನಲ್ಲೇ ಹಾಕಿದರೆ? ಅರ್ಜಿಯಲ್ಲಿ 15 ಚಟುವಟಿಕೆಗಳಿಗೆ ಜಾಗ ಇದೆ, ಅದರಲ್ಲಿ 3ನ್ನು ತುಂಬಾ ಮುಖ್ಯವಾದವು ಅಂತ ಆರಿಸಿ ವಿವರವಾಗಿ ಬರೆಯಬಹುದು. ಇನ್ನೂ ಶುರುವೇ ಆಗದ ಕೆಲಸದ ಬಗ್ಗೆ ಮಗು ಏನು ಬರೆಯಬೇಕು? ಮುಂದೆ ಇಷ್ಟು ಗಂಟೆ ಮಾಡುತ್ತೇನೆ ಅಂತ ಲೆಕ್ಕ ಕೊಡಬಹುದು, ಅಷ್ಟೇ. ಕೈಹಿಡಿದು ಕೆಲಸ ಕಲಿಸಿದ ಪಿಐ (ಲ್ಯಾಬಿನ ಮುಖ್ಯಸ್ಥರು) ಬರೆಯುವ ಶಿಫಾರಸು ಪತ್ರವೂ ಇರುವುದಿಲ್ಲ. ಮೇಲಾಗಿ ಸೀಟು ಸಿಕ್ಕಿಬಿಟ್ಟರೆ ಎರಡು ವರ್ಷ ಇರ್ತೀನಿ ಅಂದ ಮಾತು ಒಂದೇ ವರ್ಷಕ್ಕೆ ಮುರಿಯಬೇಕಾಗುತ್ತದೆ. ಆ ಲ್ಯಾಬಿನವರು ಮುಂದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಹಾಗಾಗಿ ಕೆಲಸದ ಇಂಟರ್‌ವ್ಯೂನಲ್ಲೇ ಬಾಯಿಬಿಟ್ಟು ಹೇಳಲಿ: ‘ಬರುವ ವರ್ಷ ಜೂನ್‌ನಲ್ಲಿ ಅರ್ಜಿ ಹಾಕ್ತೀನಿ, ಇಂಟರ್‌ವ್ಯೂ ದಿನಗಳಲ್ಲಿ ರಜೆ ಬೇಕಾಗುತ್ತೆ, ಪರವಾಗಿಲ್ವಾ?’ ದೊಡ್ಡವರ ಮುಂದೆ ಹೀಗೆ ಕೇಳುವುದು ನಮ್ಮ ಮನೆಗಳಲ್ಲಿ ರೂಢಿ ಇಲ್ಲ. ಕೇಳದೆ ಸುಮ್ನೆ ಇರುವುದನ್ನೇ ವಿನಯ ಅಂತ ಕಲಿಸಿರುತ್ತೇವೆ. ಇಲ್ಲಿ ಪಿಐಗೆ ಮೊದಲೇ ಗೊತ್ತಿದ್ದರೆ ಪ್ರಾಜೆಕ್ಟನ್ನೂ ಅದಕ್ಕೆ ತಕ್ಕ ಹಾಗೆ ಕೊಡುತ್ತಾರೆ.

ಇಲ್ಲಿಯ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಬಗ್ಗೆ ಒಂದು ಮಾತು. ಎರಡು-ಮೂರು ವರ್ಷಕ್ಕಿಂತ ಹಳೆಯ ಅಂಕವನ್ನು ತುಂಬಾ ಕಾಲೇಜುಗಳು ಒಪ್ಪುವುದಿಲ್ಲ. ಡಿಗ್ರಿಯ ಎರಡನೇ ವರ್ಷದಲ್ಲೇ ಬರೆಸಿಬಿಟ್ಟರೆ ಬೇಕಾದಾಗ ಅದು ಕೆಲಸಕ್ಕೆ ಬಾರದೆ ಹೋಗಬಹುದು. ಫಲಿತಾಂಶಕ್ಕೆ ಸುಮಾರು ಒಂದು ತಿಂಗಳು ಬೇಕು. ಅದಕ್ಕೆ ಅರ್ಜಿ ಹಾಕುವ ವರ್ಷದ ಜನವರಿಯಿಂದ ಏಪ್ರಿಲ್ ಒಳಗೆ ಬರೆದರೆ ಒಳ್ಳೆಯದು. ಆದರೆ ದಿನವಿಡೀ ಲ್ಯಾಬಿನಲ್ಲಿ ನಿಂತು ಬಂದವರಿಗೆ ರಾತ್ರಿ ಓದುವುದು ಕಷ್ಟ. ಆಗುವುದಾದರೆ ಕೆಲಸ ಶುರುವಾಗುವ ಮೊದಲೇ ಬರೆದು ಮುಗಿಸಲಿ.

ಗ್ರೀನ್ ಕಾರ್ಡ್ ಇಲ್ಲದ ಮಕ್ಕಳನ್ನು ಸೇರಿಸದ ಕಾಲೇಜುಗಳೇ ಜಾಸ್ತಿ, ಪಟ್ಟಿ ಮಾಡುವಾಗಲೇ ವಿಚಾರಿಸಿಕೊಳ್ಳಿ. ಕೆಲಸಕ್ಕಾಗಿ ಬೇರೆ ರಾಜ್ಯಕ್ಕೆ ಹೋಗುವ ಮೊದಲು ನಿಮ್ಮ ರಾಜ್ಯದ ನಿವಾಸಿ ಅನ್ನುವ ಲೆಕ್ಕ ಉಳಿಯುತ್ತದಾ ಅಂತಲೂ ನೋಡಿ. ನಮ್ಮ ಟೆಕ್ಸಾಸಿನ ಸರಕಾರಿ ಮೆಡಿಕಲ್ ಸ್ಕೂಲುಗಳಲ್ಲಿ ಹೊರ ರಾಜ್ಯದವರಿಗೆ 10%ಗಿಂತ ಹೆಚ್ಚು ಸೀಟು ಇಲ್ಲ.

ನನ್ನ ಮಗಳು ಲ್ಯಾಬಿನಲ್ಲಿದ್ದಾಗ ಒಂದು ಯುಗಾದಿ ಭಾನುವಾರ ಬಂತು. ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದೆ. ‘ಅಮ್ಮ, ಸೆಲ್‌ಗಳು ಬೆಳೆಯುವ ದ್ರವ, ಮೀಡಿಯಾ ಬದಲಾಯಿಸಬೇಕು, ಇಲ್ಲಾಂದ್ರೆ ಸತ್ತುಹೋಗ್ತವೆ’ ಅಂತ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಆಗ ಬೇಜಾರಾಯ್ತು. ಆದರೆ ತನ್ನನ್ನು ನಂಬಿದ ಒಂದು ಕೆಲಸಕ್ಕೆ ಹಬ್ಬದ ದಿನವೂ ಎದ್ದು ಹೋಗುವವಳು ಡಾಕ್ಟರ್ ಆಗಬೇಕಾದವಳೇ ಅಂತ ನನಗೆ ಖಚಿತವಾಗಿದ್ದೂ ಅವತ್ತೇ. ಅವಸರದಲ್ಲಿ ಆ ವರ್ಷವನ್ನು ತಪ್ಪಿಸಿದ್ದರೆ ಅವಳಿಗೂ ಅದು ಗೊತ್ತಾಗುತ್ತಿರಲಿಲ್ಲವೇನೋ.

ಊರಿನ ಪ್ರಯಾಣದ್ದೇ ನಿಜವಾದ ಕಷ್ಟ. ಸೆಕೆಂಡರಿ ಬರೆಯುವ ಹೊತ್ತಿಗೆ ಶ್ರಾವಣ, ಇಂಟರ್‌ವ್ಯೂ ಹೊತ್ತಿಗೆ ಡಿಸೆಂಬರ್ ರಜೆ. ಫೋನಿನಲ್ಲಿ ಅಜ್ಜಿ ‘ಈ ಸಲನಾದ್ರೂ ಬರ್ತೀಯಾ ಪುಟ್ಟಿ?’ ಅಂದರೆ ಉತ್ತರ ಇರುವುದಿಲ್ಲ. ಮೆಡಿಕಲ್ ಸ್ಕೂಲು ಶುರುವಾದ ಮೇಲಂತೂ ರಜೆಯ ಮಾತೇ ಬೇಡ. ಕೆಲಸ ಬಿಡುವ ದಿನ ಮತ್ತು ಕ್ಲಾಸು ಶುರುವಾಗುವ ದಿನದ ನಡುವೆ ಒಂದು ತಿಂಗಳಾದರೂ ಖಾಲಿ ಇರುವ ಹಾಗೆ ಪಿಐ ಹತ್ತಿರ ಮೊದಲೇ ಮಾತಾಡಿಕೊಳ್ಳಲಿ. ಆ ತಿಂಗಳು ಮನೆ ಬದಲಾಯಿಸುವುದಕ್ಕೆ, ಸಾಮಾನು ಕೊಳ್ಳುವುದಕ್ಕೆ ಖರ್ಚಾಗದಿರಲಿ. ಟಿಕೆಟ್ ತೆಗೆಸಿ ಮಗುವನ್ನು ಅಜ್ಜಿ ಮನೆಗೆ ಕಳಿಸಿಕೊಡಿ.